ಸೆಸ್ನಾದ ಬಲ ಸೀಟೋ, ಎಟಿಆರ್‌ನ ಬಲ ಸೀಟೋ?

ಹಾಸನದ ಕಡೆ ಮಗನನ್ನೋ ಮಗಳನ್ನೋ ಪೈಲಟ್ ಮಾಡುವುದೆಂದರೆ ಒಂದು ಸೈಟು ಕೈಬಿಡುವ ಮಾತು. ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಎಲ್ಲರ ಬಾಯಲ್ಲಿರುವ ಸಿಪಿಎಲ್, ದೇಶದೊಳಗೇ ಮುಗಿಸಿದರೂ ಹಾಸ್ಟೆಲು, ಪರೀಕ್ಷೆ, ಮೆಡಿಕಲ್ ಎಲ್ಲ ಸೇರಿ ಅರ್ಧ ಕೋಟಿಯ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿತೆಂದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಕೇಳುತ್ತದೆ. ಚನ್ನರಾಯಪಟ್ಟಣದ ತೆಂಗಿನ ತೋಟವನ್ನೋ ಅರಕಲಗೂಡಿನ ಹೊಗೆಸೊಪ್ಪಿನ ಹೊಲವನ್ನೋ ತೋರಿಸಿದರೆ ಮ್ಯಾನೇಜರಿಗೆ ಅಷ್ಟು ರುಚಿಸುವುದಿಲ್ಲ. ಸಾಲ ಕೆಟ್ಟರೆ ಸರ್ಫೇಸಿ ಕಾಯ್ದೆಯಡಿ ಕೃಷಿ ಜಮೀನನ್ನು ಮುಟ್ಟುವಂತಿಲ್ಲ. ಹಾಗಾಗಿ ಅಡಮಾನಕ್ಕೆ ಹೋಗುವುದು ಪೇಟೆಯ ಮನೆ, ಪೇಟೆಯ ಸೈಟು. ಇಷ್ಟೆಲ್ಲ ಆಗಿ, 200 ಗಂಟೆ ಹಾರಿದ ಲಾಗ್‌ಬುಕ್ ಹಿಡಿದು ಹುಡುಗ ಕೊರವಂಗಲಕ್ಕೋ ಹೊಳೆನರಸೀಪುರಕ್ಕೋ ಬಂದಿಳಿದ ಮೇಲೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: "ಲೈಸೆನ್ಸೇನೋ ಬಂತು, ಕೆಲ್ಸ ಯಾವಾಗ್ಲಪ್ಪ?"

ಏರ್‌ಬಸ್ಸು, ಬೋಯಿಂಗಿನ ಕನಸು ಎಲ್ಲರಿಗೂ ಇದ್ದದ್ದೇ. ಅದನ್ನು ಬದಿಗಿಟ್ಟರೆ ಹೊಸಬರ ಮುಂದೆ ಎರಡು ದಾರಿಗಳಿವೆ. ಒಂದು, ತರಬೇತಿ ಶಾಲೆಯಲ್ಲಿ ಬೋಧಕರಾಗುವುದು. ಇನ್ನೊಂದು, ಸಣ್ಣ ಊರುಗಳ ನಡುವೆ ಎಟಿಆರ್, ಎಂಬ್ರೇಯರ್‌ನಂಥ ವಿಮಾನ ಓಡಿಸುವ ಪ್ರಾದೇಶಿಕ ಕಂಪನಿಗೆ ಸಹ-ಪೈಲಟ್ ಆಗಿ ಸೇರುವುದು. ಎರಡರಲ್ಲೂ ಕೂರುವುದು ಬಲಗಡೆ ಸೀಟಿನಲ್ಲೇ. ಸೆಸ್ನಾ 172ರ ಎಡಗಡೆ ವಿದ್ಯಾರ್ಥಿ, ಬಲಗಡೆ ಬೋಧಕ. ಎಟಿಆರ್‌ನ ಎಡಗಡೆ ಕ್ಯಾಪ್ಟನ್, ಬಲಗಡೆ ಸಹ-ಪೈಲಟ್. ಆದರೆ ಸೆಸ್ನಾದ ಬಲ ಸೀಟಿನಲ್ಲಿ ಕೂತವರೇ ಆ ವಿಮಾನದ ಕಮಾಂಡರ್. ಎಟಿಆರ್‌ನಲ್ಲಿ ಕೊನೆಯ ಮಾತು ಪಕ್ಕದವರದು.

ಅಮೆರಿಕದ ಬುದ್ಧಿವಾದ ಇಲ್ಲಿಗೆ ಹೊಂದದು

ಯೂಟ್ಯೂಬಿನಲ್ಲಿ ಈ ವಿಷಯ ಹುಡುಕಿದರೆ ಸಿಗುವ ಸಲಹೆಯೆಲ್ಲ ಹೆಚ್ಚುಕಡಿಮೆ ಅಮೆರಿಕದ್ದು: ಮೊದಲು ಬೋಧಕರಾಗಿ, ಗಂಟೆ ಕೂಡಿಸಿ, ಆಮೇಲೆ ರೀಜನಲ್ ಏರ್‌ಲೈನ್. ಅವರು ಹಾಗೆ ಹೇಳುವುದಕ್ಕೆ ಕಾರಣವಿದೆ. 2009ರ ಫೆಬ್ರುವರಿ 12ರ ರಾತ್ರಿ ಬಫಲೋ ಹತ್ತಿರ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿಯ ಕ್ಯೂ400 ವಿಮಾನ ಬಿದ್ದು 50 ಜನ ಸತ್ತರು. ಅದರ ಬೆನ್ನಿಗೆ ಬಂದ ಕಾನೂನಿನಿಂದಾಗಿ 2013ರಿಂದ ಅಲ್ಲಿ ಸಹ-ಪೈಲಟ್‌ಗೂ ಸಾಮಾನ್ಯವಾಗಿ 1500 ಗಂಟೆ ಬೇಕು. (ಆ ದಿನ ವಿಮಾನ ನಡೆಸುತ್ತಿದ್ದ ಇಬ್ಬರಿಗೂ 1500ಕ್ಕಿಂತ ಹೆಚ್ಚೇ ಗಂಟೆಗಳಿದ್ದವು ಎಂಬುದು ಬೇರೆ ಮಾತು.) ಲೈಸೆನ್ಸಿನ ಹೊತ್ತಿಗೆ ಇರುವ ಇನ್ನೂರು ಚಿಲ್ಲರೆ ಗಂಟೆಯಿಂದ ಸಾವಿರದ ಐನೂರಕ್ಕೆ ಏರಲು ಅಲ್ಲಿನ ಹುಡುಗರಿಗೆ ಇರುವ ಅಗ್ಗದ ಏಣಿ ಎಂದರೆ ಪಾಠ ಹೇಳುವುದು. ಅವರಿಗೆ ಅದು ಆಯ್ಕೆಗಿಂತ ಹೆಚ್ಚಾಗಿ ಅನಿವಾರ್ಯ.

ನಮ್ಮಲ್ಲಿ ಆ ಕಟ್ಟಳೆ ಇಲ್ಲ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದಂತೆ 200 ಗಂಟೆಯ ಸಿಪಿಎಲ್, ಚಾಲ್ತಿಯಲ್ಲಿರುವ ಇನ್‌ಸ್ಟ್ರುಮೆಂಟ್ ರೇಟಿಂಗ್, ಕ್ಲಾಸ್-1 ಮೆಡಿಕಲ್, ಆಮೇಲೆ ಆ ಮಾದರಿ ವಿಮಾನದ ಟೈಪ್ ರೇಟಿಂಗ್ ಇದ್ದರೆ ಸಹ-ಪೈಲಟ್ ಆಗಿ ಕೂರಬಹುದು. 1500 ಗಂಟೆಯ ಮಾತು ಬರುವುದು ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಹೊತ್ತಿಗೆ. ಆದ್ದರಿಂದ ಇಲ್ಲಿ ಬೋಧನೆ ಏರ್‌ಲೈನಿಗೆ ಏರುವ ಕಡ್ಡಾಯ ಮೆಟ್ಟಿಲಲ್ಲ. "ಎರಡು ವರ್ಷ ಪಾಠ ಹೇಳಿದರೆ ಏರ್‌ಲೈನಿನವರೇ ಕರೆಯುತ್ತಾರೆ" ಎಂದು ಯಾರಾದರೂ ಅಂದರೆ ನಂಬಬೇಡಿ. 800 ಗಂಟೆಯ ಬೋಧಕನೂ 200 ಗಂಟೆಯ ಹೊಸಬನೂ ಅದೇ ಲಿಖಿತ ಪರೀಕ್ಷೆ, ಅದೇ ಸಿಮ್ಯುಲೇಟರ್, ಅದೇ ಸಂದರ್ಶನದ ಸಾಲಿನಲ್ಲಿ ನಿಲ್ಲಬೇಕಾಗಿ ಬರುವುದು ಮಾಮೂಲು.

ಹಾಗಾದರೆ ಬೋಧನೆ ಯಾರಿಗೆ? ಲೈಸೆನ್ಸ್ ಬಂದು, ಕರೆ ಬಾರದೆ, ಮನೆಯಲ್ಲಿ ಕೂತವರಿಗೆ. ಮತ್ತೆ, ಪಾಠ ಹೇಳುವುದರಲ್ಲಿ ನಿಜವಾಗಿ ಮನಸ್ಸಿರುವವರಿಗೆ. ಮೊದಲನೆಯ ಗುಂಪೇ ದೊಡ್ಡದು.

ಗೊರೂರಿನಿಂದ ಹಾರಿದ ಎಟಿಆರ್

ಪ್ರಾದೇಶಿಕ ವಿಮಾನದ ಕತೆ ಹಾಸನದವರಿಗೆ ಹೊಸದೇನಲ್ಲ. ಹೇಮಾವತಿ ಅಣೆಕಟ್ಟಿನ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೈನ್ಯ ಬಿಟ್ಟು, ಬೇಸಾಯ ಮಾಡಿ, ಹೆಲಿಕಾಪ್ಟರ್ ಕಂಪನಿ ಕಟ್ಟಿ, 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಶುರುವಾದದ್ದು ಎಟಿಆರ್ ವಿಮಾನಗಳಿಂದಲೇ. ಹುಬ್ಬಳ್ಳಿ, ಬೆಳಗಾವಿಯಂಥ ಊರುಗಳಿಗೆ ಅಗ್ಗದ ಟಿಕೆಟಿನಲ್ಲಿ ಹೋಗಬಹುದು ಎಂದು ತೋರಿಸಿಕೊಟ್ಟವರು ಅವರು. 2008ರ ಹೊತ್ತಿಗೆ ಆ ಕಂಪನಿ ಕಿಂಗ್‌ಫಿಷರ್‌ನಲ್ಲಿ ಕರಗಿತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು.

ಈ ಸಾಲು ಉದ್ದವಿದೆ. ಬೆಂಗಳೂರಿನದೇ ಆದ ಏರ್ ಪೆಗಾಸಸ್ 2015ರಲ್ಲಿ ಹುಬ್ಬಳ್ಳಿಗೆ ಎಟಿಆರ್ ಹಾರಿಸಲು ತೊಡಗಿ ಮರುವರ್ಷವೇ ನಿಂತಿತು. ಎಂಬ್ರೇಯರ್ ಓಡಿಸುತ್ತಿದ್ದ ವಿಜಯವಾಡದ ಏರ್ ಕೋಸ್ಟಾ 2017ರಲ್ಲಿ ಹೋಯಿತು. ಮೈಸೂರು, ವಿದ್ಯಾನಗರ, ಬೀದರಿಗೆ ಬರುತ್ತಿದ್ದ ಹೈದರಾಬಾದಿನ ಟ್ರೂಜೆಟ್ 2022ರಲ್ಲಿ ಕೈಚೆಲ್ಲಿತು. ದೊಡ್ಡ ಕಂಪನಿಗಳೂ ಬಿದ್ದಿವೆ: 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇನಲ್ಲಿ ಗೋ ಫಸ್ಟ್. ಆದರೆ ಸಣ್ಣ ಕಂಪನಿಯಲ್ಲಿ ಇರುವುದೇ ನಾಲ್ಕಾರು ವಿಮಾನ. ಎರಡು ಎಂಜಿನ್ ಕೆಟ್ಟು ನಿಂತರೆ, ಒಂದು ಗುತ್ತಿಗೆ ಬಾಡಿಗೆ ಬಾಕಿಯಾದರೆ, ಪೈಲಟ್ ಮನೆಯಲ್ಲಿ ಕೂರುತ್ತಾನೆ.

ಈಗ ಕರ್ನಾಟಕದ ಆಕಾಶದಲ್ಲಿ ಯಾರಿದ್ದಾರೆ? ಸ್ಟಾರ್ ಏರ್ 2019ರ ಜನವರಿಯಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಆರಂಭಿಸಿತು. 50 ಸೀಟಿನ ಎಂಬ್ರೇಯರ್ 145ರ ಜತೆಗೆ ಈಗ ಎಂಬ್ರೇಯರ್ 175 ಕೂಡ ಅದರ ಬಳಿ ಇವೆ. ಇವು ಜೆಟ್ ಎಂಬುದನ್ನು ಗಮನಿಸಿ. ಇಂಡಿಗೋ 2017ರ ಕೊನೆಯಿಂದ ಎಟಿಆರ್ 72-600 ಓಡಿಸುತ್ತಿದೆ; 2023ರ ಆಗಸ್ಟ್ 31ರಂದು ಶಿವಮೊಗ್ಗದ ಹೊಸ ನಿಲ್ದಾಣಕ್ಕೆ ಮೊದಲ ಪ್ರಯಾಣಿಕ ವಿಮಾನ ತಂದದ್ದೂ ಅದೇ. ಅಲಯನ್ಸ್ ಏರ್, ಏರ್ ಇಂಡಿಯಾ ಟಾಟಾ ಕೈಸೇರಿದ ಮೇಲೂ ಸರ್ಕಾರದ ಬಳಿಯೇ ಉಳಿದ ಕಂಪನಿ. ಗೋವಾದ ಫ್ಲೈ91 2024ರ ಮಾರ್ಚ್‌ನಲ್ಲಿ ಎಟಿಆರ್‌ಗಳೊಂದಿಗೆ ಹೊರಟಿತು. ನಮ್ಮ ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣ ದಶಕಗಳಿಂದ ಬರುತ್ತಲೇ ಇದೆ. ಬಂದ ದಿನ ಮೊದಲು ಇಳಿಯುವುದು ಇಂಥ ವಿಮಾನವೇ ಇರಬೇಕು, ಆದರೆ ಅದನ್ನು ನಂಬಿ ಯಾರೂ ಕೆರಿಯರ್ ಯೋಜನೆ ಹಾಕಬಾರದು.

ಉಡಾನ್ ಯೋಜನೆಯ ಬಗ್ಗೆಯೂ ಒಂದು ಮಾತು. 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ಹಾರಾಟದೊಂದಿಗೆ ಶುರುವಾದ ಈ ಯೋಜನೆಯಲ್ಲಿ ಸರ್ಕಾರ ಕಂಪನಿಗೆ ನಷ್ಟ ತುಂಬಿಕೊಡುವುದು ಒಂದು ಮಾರ್ಗಕ್ಕೆ ಸಾಮಾನ್ಯವಾಗಿ ಮೂರು ವರ್ಷ. ಆ ಗಡುವು ಮುಗಿದ ಮೇಲೆ ಎಷ್ಟೋ ಮಾರ್ಗಗಳು ನಿಂತಿವೆ. ಕೆಲಸಕ್ಕೆ ಸೇರುವ ಮುನ್ನ ಆ ಕಂಪನಿಯ ಮಾರ್ಗಗಳಲ್ಲಿ ಉಡಾನ್ ಹಣದ ಮೇಲೆ ನಿಂತವು ಎಷ್ಟು, ಸ್ವಂತ ಕಾಲ ಮೇಲೆ ನಿಂತವು ಎಷ್ಟು ಎಂದು ನೋಡುವುದು ಸಂಬಳ ಕೇಳುವುದಕ್ಕಿಂತ ಮುಖ್ಯ.

ಎಟಿಆರ್ ಕೊಡುವುದು ಏನು

ಇಷ್ಟು ಹೆದರಿಸಿದ ಮೇಲೂ ನನ್ನ ಒಲವು ಎಟಿಆರ್ ಕಡೆಗೇ, ಒಂದು ಷರತ್ತಿನ ಮೇಲೆ. ಷರತ್ತನ್ನು ಆಮೇಲೆ ಹೇಳುತ್ತೇನೆ.

ಎಪ್ಪತ್ತು ಚಿಲ್ಲರೆ ಜನರನ್ನು ಹೊತ್ತ ಟರ್ಬೊಪ್ರಾಪ್, ಗಂಟೆಯೊಳಗಿನ ಹಾರಾಟಗಳು, ದಿನಕ್ಕೆ ನಾಲ್ಕು ಸಲ ಏರಿ ನಾಲ್ಕು ಸಲ ಇಳಿಯುವ ಕೆಲಸ. ದೆಹಲಿ–ಬೆಂಗಳೂರು ಎರಡೂವರೆ ಗಂಟೆ ಆಟೋಪೈಲಟ್ ಮೇಲೆ ಹೋಗುವವರಿಗಿಂತ ಇವರ ಕೈಗೆ ಹೆಚ್ಚು ಲ್ಯಾಂಡಿಂಗ್ ಸಿಗುತ್ತವೆ. ಎತ್ತರ 20 ಸಾವಿರ ಅಡಿಯ ಆಸುಪಾಸು, ಅಂದರೆ ಜೆಟ್ಟುಗಳು ಮೇಲಿಂದ ದಾಟಿ ಹೋಗುವ ಮೋಡದ ನಡುವೆಯೇ ಇವರ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಘಟ್ಟದ ಅಂಚಿನಲ್ಲಿ ಹಾರಿದವರಿಗೆ ಹವಾಮಾನದ ಪಾಠ ಬೇರೆ ಬೇಕಿಲ್ಲ. ಶಿವಮೊಗ್ಗದಲ್ಲಿ ಮಂಜು ಮುಸುಕಿ ವಿಮಾನ ಇಳಿಯಲಾಗದೆ ಮರಳುವುದು ಪತ್ರಿಕೆಗಳಲ್ಲಿ ಓದಿದ್ದೀರಿ. ಆ ತೀರ್ಮಾನ ತೆಗೆದುಕೊಳ್ಳುವುದನ್ನು ಪಕ್ಕದಲ್ಲಿ ಕೂತು ಕಲಿಯುವ ಅವಕಾಶ ಇದು. ಅದಕ್ಕಿಂತ ಹೆಚ್ಚಾಗಿ, ಇಬ್ಬರು ಸೇರಿ ವಿಮಾನ ನಡೆಸುವ ಶಿಸ್ತು: ಯಾರು ಹಾರಿಸುತ್ತಾರೆ, ಯಾರು ನೋಡಿಕೊಳ್ಳುತ್ತಾರೆ, ಯಾರು ಯಾವಾಗ ಬಾಯಿಬಿಡಬೇಕು. ಏರ್‌ಲೈನ್ ಬದುಕು ನಿಂತಿರುವುದು ಇದರ ಮೇಲೆ. ಸೆಸ್ನಾದಲ್ಲಿ ಎಷ್ಟು ಗಂಟೆ ಕಳೆದರೂ ಇದು ಬರುವುದಿಲ್ಲ.

ಕ್ಯಾಪ್ಟನ್ ಆಗುವ ಸರದಿ ಇಲ್ಲಿ ಸಾಮಾನ್ಯವಾಗಿ ಬೇಗ ಬರುತ್ತದೆ. ಎಟಿಪಿಎಲ್‌ಗೆ 21 ವರ್ಷ, ಪರೀಕ್ಷೆಗಳು, 1500 ಗಂಟೆ ಬೇಕು. ಅದರಲ್ಲಿ ಪೈಲಟ್-ಇನ್-ಕಮಾಂಡ್ ಗಂಟೆಗಳ ಪಾಲೂ ಇರಬೇಕು. ಬಹುಪಾಲು ಸಹ-ಪೈಲಟ್‌ಗಳು ಆ ಕೊರತೆಯನ್ನು ಕ್ಯಾಪ್ಟನ್ ನಿಗಾದಲ್ಲಿ ತಾವೇ ನಡೆಸಿದ ಹಾರಾಟಗಳಿಂದ ತುಂಬಿಕೊಳ್ಳುತ್ತಾರೆ. ವರ್ಷಕ್ಕೆ ಹಾರಬಹುದಾದ ಮಿತಿ 1000 ಗಂಟೆ. ಸುಸ್ಥಿತಿಯ ಕಂಪನಿಯಾದರೆ ಮೂರು–ನಾಲ್ಕು ವರ್ಷದಲ್ಲಿ ಅರ್ಹತೆ ಕೈಗೆಟುಕುತ್ತದೆ, ಆಮೇಲೆ ಕಂಪನಿಯ ಸ್ವಂತ ಅಳತೆಗೋಲು.

ಕಾಡುವುದು ದುಡ್ಡು. ಎಟಿಆರ್ ಟೈಪ್ ರೇಟಿಂಗನ್ನು ಸ್ವಂತ ಖರ್ಚಿನಲ್ಲಿ ಮಾಡಿಸಿದರೆ ಮತ್ತೆ ಹತ್ತು–ಇಪ್ಪತ್ತು ಲಕ್ಷ. ಕೆಲಸ ಖಾತ್ರಿಯಿಲ್ಲದೆ ಈ ರೇಟಿಂಗ್ ಕೊಳ್ಳುವುದು ನನ್ನ ಪ್ರಕಾರ ದುಡುಕು. ಎಟಿಆರ್ ರೇಟಿಂಗ್ ಎಟಿಆರ್‌ಗೆ ಮಾತ್ರ, ಏರ್‌ಬಸ್‌ಗೆ ಹೋಗಲು ಇನ್ನೊಂದು ಬೇಕು. ಮಾಡಿಸಿಟ್ಟು ಹಾರದೆ ಕೂತರೆ ಅದರ ಚಾಲ್ತಿ ಉಳಿಸಲು ಮತ್ತೆ ಸಿಮ್ಯುಲೇಟರ್ ಬಾಡಿಗೆ. ನಾನು ಹೇಳಿದ ಷರತ್ತು ಇದು: ಕಂಪನಿ ಕೈಯಲ್ಲಿ ನೇಮಕಾತಿ ಪತ್ರ ಇಟ್ಟ ಮೇಲೆ ರೇಟಿಂಗ್, ಅದಕ್ಕೆ ಮೊದಲಲ್ಲ. ಕಂಪನಿಯೇ ಖರ್ಚು ಹೊತ್ತು ಬಾಂಡ್ ಬರೆಸಿಕೊಂಡರೆ ಇನ್ನೂ ವಾಸಿ.

ಬೋಧಕರ ಬದುಕು

ಬೋಧಕರಾಗಲು ಮೊದಲು ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್ ಬೇಕು. ಅದಕ್ಕೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ಪರೀಕ್ಷೆ. ಖರ್ಚು ಕೆಲವು ಲಕ್ಷ, ಟೈಪ್ ರೇಟಿಂಗಿನ ಮುಂದೆ ಸಣ್ಣ ಮೊತ್ತ. ಕೆಲವು ಶಾಲೆಗಳು ತಮ್ಮಲ್ಲೇ ಕಲಿತವರಿಗೆ ಈ ತರಬೇತಿ ಕೊಟ್ಟು, ಇಂತಿಷ್ಟು ಕಾಲ ದುಡಿಯಬೇಕೆಂದು ಬರೆಸಿಕೊಳ್ಳುವುದೂ ಉಂಟು. ತರಬೇತಿಯಲ್ಲಿ ಕಷ್ಟದ್ದು ಪ್ಯಾಟರ್. ಒಂದು ಕೈಯಲ್ಲಿ ವಿಮಾನ ಹಾರಿಸುತ್ತ, ಏನು ಮಾಡುತ್ತಿದ್ದೇನೆ, ಯಾಕೆ ಎಂಬುದನ್ನು ಅದೇ ಕ್ಷಣದಲ್ಲಿ ವಿದ್ಯಾರ್ಥಿಗೆ ತಿಳಿಯುವಂತೆ ಹೇಳುತ್ತ ಹೋಗಬೇಕು. ಕನ್ನಡ ಮಾಧ್ಯಮದಿಂದ ಬಂದವರು ಮೊದಲು ಇಲ್ಲೇ ತಡವರಿಸುವುದು, ಇಲ್ಲೇ ಗಟ್ಟಿಯಾಗುವುದೂ ಹೌದು. ಮುಂದೆ ಏರ್‌ಲೈನ್ ಸಂದರ್ಶನದಲ್ಲಿ ಆ ಮಾತುಗಾರಿಕೆ ಕೈಹಿಡಿಯುತ್ತದೆ.

ಅಸಿಸ್ಟೆಂಟ್ ಆಗಿರುವಷ್ಟು ಕಾಲ ಹಿರಿಯ ಬೋಧಕರ ಮೇಲ್ವಿಚಾರಣೆಯಲ್ಲೇ ಕೆಲಸ. ವಿದ್ಯಾರ್ಥಿಯನ್ನು ಮೊದಲ ಸಲ ಒಬ್ಬನೇ ಹಾರಲು ಬಿಡುವ ತೀರ್ಮಾನ ಹಿರಿಯರದು. ಗಂಟೆ, ಅನುಭವ ಕೂಡಿದ ಮೇಲೆ ಪೂರ್ಣ ಬೋಧಕ, ಆಮೇಲೆ ಉಪ-ಮುಖ್ಯ, ಮುಖ್ಯ ಬೋಧಕ ಎಂಬ ಮೆಟ್ಟಿಲು. ಪಾಠ ಹೇಳುವ ಗಂಟೆಗಳೆಲ್ಲ ಪೈಲಟ್-ಇನ್-ಕಮಾಂಡ್ ಎಂದೇ ಲಾಗ್‌ಬುಕ್ಕಿಗೆ ಏರುತ್ತವೆ, ಇದು ದೊಡ್ಡ ಲಾಭ. ನಷ್ಟವೆಂದರೆ ಬಹುತೇಕ ಗಂಟೆ ಒಂದೇ ಎಂಜಿನ್ನಿನದು, ಒಂದೇ ನಿಲ್ದಾಣದ ಸುತ್ತ. ಸರ್ಕ್ಯೂಟ್, ಲ್ಯಾಂಡಿಂಗ್, ಮತ್ತೆ ಸರ್ಕ್ಯೂಟ್. ಹೊಸಬನ ಕೈಗೆ ಪವರ್ ಟಿಲ್ಲರ್ ಕೊಟ್ಟು ಬದುವಿನ ಮೇಲೆ ನಿಂತವನಿಗೆ ಗೊತ್ತು, ಯಾವಾಗ ಕೂಗಬೇಕು, ಯಾವಾಗ ಸುಮ್ಮನಿರಬೇಕು ಎಂಬ ಸಂಕಟ; ಇಲ್ಲಿ ಅದು ನೆಲದಿಂದ ಐವತ್ತು ಅಡಿ ಮೇಲೆ. ಬೇಗ ಕೈಹಾಕಿದರೆ ವಿದ್ಯಾರ್ಥಿ ಕಲಿಯುವುದಿಲ್ಲ, ತಡ ಮಾಡಿದರೆ ವಿಮಾನ ಉಳಿಯುವುದಿಲ್ಲ.

ಬೋಧಕರು ಎಷ್ಟು ಬೇಕಾಗಿದ್ದಾರೆ ಎನ್ನುವುದಕ್ಕೆ ಜಕ್ಕೂರಿನ ಕತೆಯೇ ಸಾಕು. 1940ರ ದಶಕದ ಕೊನೆಯಲ್ಲಿ ಆರಂಭವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದು. ಬೋಧಕರಿಲ್ಲದೆ ಇಲ್ಲಿ ವಿದ್ಯಾರ್ಥಿಗಳು ವರ್ಷಗಟ್ಟಲೆ ಕಾದದ್ದು ಆಗಾಗ ಸುದ್ದಿಯಾಗಿದೆ. ಇನ್ನು ಮೈಸೂರಿನ ಮಂಡಕಳ್ಳಿಯಲ್ಲಿ ಓರಿಯೆಂಟ್ ಫ್ಲೈಟ್ಸ್ ಶಾಲೆಯಿದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದ ಐದು ನಿಲ್ದಾಣಗಳಲ್ಲಿ ಹೊಸ ತರಬೇತಿ ಶಾಲೆಗಳಿಗೆ ಜಾಗ ಹಂಚಿತು. ಅದರಲ್ಲಿ ಎರಡು ನಮ್ಮವು, ಬೆಳಗಾವಿ ಮತ್ತು ಕಲಬುರಗಿ. ಹಾಸನದಿಂದ ಮೈಸೂರು ಎರಡೂವರೆ–ಮೂರು ಗಂಟೆಯ ಬಸ್ ದಾರಿ. ವಾರದ ರಜೆಗೆ ಊರಿಗೆ ಬಂದು ಹೋಗಬಹುದಾದ ಪೈಲಟ್ ಕೆಲಸ ಇದೊಂದೇ ಎನ್ನಬಹುದು. ವಯಸ್ಸಾದ ಅಪ್ಪ-ಅಮ್ಮನನ್ನು ನೋಡಿಕೊಳ್ಳುವ ಹೊಣೆ ಇರುವವರಿಗೆ, ಮಗು ಚಿಕ್ಕದಿರುವ ಪೈಲಟ್ ತಾಯಂದಿರಿಗೆ ಇದು ಸಣ್ಣ ವಿಷಯವಲ್ಲ.

ಸಂಬಳದ ಮಾತು. ಬಹಳಷ್ಟು ಶಾಲೆಗಳಲ್ಲಿ ಒಂದು ಸ್ಥಿರ ಮೊತ್ತ, ಅದರ ಮೇಲೆ ಹಾರಿದ ಗಂಟೆಗೆ ಇಷ್ಟು ಎಂಬ ಲೆಕ್ಕ. ಮಳೆಗಾಲದಲ್ಲಿ, ಮಂಜಿನಲ್ಲಿ, ವಿಮಾನ ರಿಪೇರಿಗೆ ಹೋದಾಗ ಆ ಎರಡನೆಯ ಪಾಲು ಕುಸಿಯುತ್ತದೆ. ಸಂದರ್ಶನಕ್ಕೆ ಹೋದಾಗ ಕೇಳಬೇಕಾದದ್ದು "ತಿಂಗಳಿಗೆ ಎಷ್ಟು ಕೊಡುತ್ತೀರಿ" ಎಂದಲ್ಲ. "ಕಳೆದ ಜುಲೈನಲ್ಲಿ ನಿಮ್ಮ ಬೋಧಕರು ಎಷ್ಟು ಗಂಟೆ ಹಾರಿದರು, ಎಷ್ಟು ವಿಮಾನ ಹಾರುವ ಸ್ಥಿತಿಯಲ್ಲಿದ್ದವು" ಎಂದು. ಸುರಕ್ಷತೆಯ ದಾಖಲೆಯನ್ನೂ ನೋಡಿ. 2023ರಲ್ಲಿ ಬಾರಾಮತಿಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಒಂದೇ ಸಂಸ್ಥೆಯ ಎರಡು ತರಬೇತಿ ವಿಮಾನಗಳು ಅಪಘಾತಕ್ಕೀಡಾದ ಮೇಲೆ ಡಿಜಿಸಿಎ ಆ ಸಂಸ್ಥೆಯ ತರಬೇತಿಯನ್ನೇ ಕೆಲಕಾಲ ನಿಲ್ಲಿಸಿತ್ತು. 2025ರಿಂದ ಡಿಜಿಸಿಎ ತರಬೇತಿ ಸಂಸ್ಥೆಗಳಿಗೆ ಶ್ರೇಣಿ ಕೊಟ್ಟು ಪ್ರಕಟಿಸುತ್ತಿದೆ. ಅದು ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಕೆಲಸ ಹುಡುಕುವ ಬೋಧಕರಿಗೂ ಉಪಯೋಗದ ಪಟ್ಟಿ.

ಕಾಯುವ ಕಾಲದ ಲೆಕ್ಕ

ಮನೆಯವರು ಲೆಕ್ಕ ಹಾಕುವಾಗ ಸಂಬಳ ಮತ್ತು ಕಂತು ಎರಡನ್ನೇ ನೋಡುತ್ತಾರೆ. ಕಾಣದ ಖರ್ಚು ಇನ್ನೊಂದಿದೆ. ಸಿಪಿಎಲ್ ಹತ್ತು ವರ್ಷ ಬದುಕುತ್ತದೆ, ನಿಜ. ಇನ್‌ಸ್ಟ್ರುಮೆಂಟ್ ರೇಟಿಂಗ್ ವರ್ಷವರ್ಷ ನವೀಕರಿಸಬೇಕು, ಮೆಡಿಕಲ್ಲೂ ಹಾಗೆಯೇ. ಕೆಲಸವಿಲ್ಲದೆ ಕೂತವನು ಪ್ರತಿ ಬಾರಿಯೂ ಕೈಯಿಂದ ದುಡ್ಡು ಕೊಟ್ಟು ಬಹು-ಎಂಜಿನ್ ವಿಮಾನವನ್ನೋ ಸಿಮ್ಯುಲೇಟರನ್ನೋ ಬಾಡಿಗೆಗೆ ಪಡೆಯಬೇಕು. ಅದಕ್ಕಿಂತ ಹೆಚ್ಚು ನಷ್ಟ ಕೈಯದ್ದು: ಎರಡು ವರ್ಷ ಹಾರದವನನ್ನು ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಪರೀಕ್ಷಕರು ಐದು ನಿಮಿಷದಲ್ಲಿ ಗುರುತಿಸುತ್ತಾರೆ. ಬೋಧಕರಾದವರಿಗೆ ಈ ಕಾಟವಿಲ್ಲ. ದಿನವೂ ಕೈ ಆಡುತ್ತಿರುತ್ತದೆ, ರೇಡಿಯೊ ಮಾತು ನಾಲಿಗೆಯ ಮೇಲಿರುತ್ತದೆ.

ಹಾಗಾಗಿ ಲೈಸೆನ್ಸ್ ಬಂದ ಆರು ತಿಂಗಳೊಳಗೆ ಏರ್‌ಲೈನ್ ಕರೆ ಬಂದು, ಟೈಪ್ ರೇಟಿಂಗಿನ ಹೊರೆ ತಡೆಯುವಂತಿದ್ದರೆ ಎಟಿಆರ್‌ಗೆ ಹೋಗಿ, ಅದು ಸಣ್ಣ ವಿಮಾನ ಎಂದು ಮೂಗು ಮುರಿಯಬೇಡಿ. ಕರೆ ಬಾರದಿದ್ದರೆ ಏಳನೇ ತಿಂಗಳಲ್ಲಿ ಬೋಧಕ ರೇಟಿಂಗಿಗೆ ಹೆಸರು ಬರೆಸಿ. "ಮುಂದಿನ ನೇಮಕಾತಿ ನೋಡೋಣ" ಎಂದು ವರ್ಷ ದೂಡುವುದು ಇವೆರಡಕ್ಕಿಂತಲೂ ದುಬಾರಿ. ಕಾಯುವವರು ಕಾಯುವುದಕ್ಕೂ ಒಂದು ನ್ಯಾಯವಿದೆ, ನೇಮಕಾತಿ ಅಲೆಅಲೆಯಾಗಿ ಬರುತ್ತದೆ. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ 2025ರಲ್ಲಿ ಎರಡು ಹಂತದಲ್ಲಿ ಜಾರಿಗೆ ಬಂತು, ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ಆ ಡಿಸೆಂಬರ್‌ನಲ್ಲಿ ಪೈಲಟ್‌ಗಳು ಸಾಲದೆ ಇಂಡಿಗೋದ ಸಾವಿರಾರು ಹಾರಾಟ ರದ್ದಾದದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ಕರೆ ಬಂದಾಗ ಹಾರುತ್ತಿದ್ದವರು ಮುಂದಿರುತ್ತಾರೆ.

ಪಾಠ ಹೇಳುವುದು ಇಷ್ಟವಾಗಿ ಅಲ್ಲೇ ಉಳಿದವರೂ ಇದ್ದಾರೆ. ಅದು ಸೋತವರ ಕೆಲಸ ಎಂಬ ಮಾತು ಏರ್‌ಲೈನ್ ಪಡಸಾಲೆಗಳಲ್ಲಿ ಕೇಳಿಬರುತ್ತದೆ. ಹಾಗೆ ಹೇಳುವವರನ್ನೂ ಯಾರೋ ಒಬ್ಬರು ಮೊದಲ ಸೋಲೊಗೆ ಕಳಿಸಿದ್ದರು. ಏರ್‌ಲೈನಿನಲ್ಲಿ 65ಕ್ಕೆ ಕಾಕ್‌ಪಿಟ್ ಬಾಗಿಲು ಮುಚ್ಚಿದ ಮೇಲೆ ಎಷ್ಟೋ ಹಿರಿಯ ಕ್ಯಾಪ್ಟನ್‌ಗಳು ಹುಡುಕಿಕೊಂಡು ಬರುವುದೂ ತರಬೇತಿ ಶಾಲೆಗಳಿಗೇ.

ಸಹಿ ಹಾಕುವ ಮುನ್ನ

ಎರಡೂ ಕಡೆ ಬಾಂಡ್ ಇರುತ್ತದೆ, ಓದದೆ ಸಹಿ ಹಾಕುವವರೇ ಹೆಚ್ಚು. ನೋಡಬೇಕಾದದ್ದು ಅವಧಿಯಷ್ಟೇ ಅಲ್ಲ. ಬಿಟ್ಟು ಹೋದರೆ ಕಟ್ಟಬೇಕಾದ ಮೊತ್ತ ತಿಂಗಳು ತಿಂಗಳು ಇಳಿಯುತ್ತದೆಯೇ, ಕಂಪನಿಯೇ ಹಾರಾಟ ನಿಲ್ಲಿಸಿದರೆ ಬಾಂಡ್ ತಾನಾಗಿ ರದ್ದಾಗುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಮೇಲೆ ಹೇಳಿದ ಮುಚ್ಚಿದ ಕಂಪನಿಗಳ ಪಟ್ಟಿ ನೋಡಿದವರಿಗೆ ಈ ಎರಡನೆಯ ಷರತ್ತು ಯಾಕೆಂದು ವಿವರಿಸಬೇಕಿಲ್ಲ. ನೋಟಿಸ್ ಅವಧಿ ಇನ್ನೊಂದು. 2017ರ ಡಿಜಿಸಿಎ ನಿಯಮದಲ್ಲಿ ಏರ್‌ಲೈನ್ ಬಿಡುವ ಸಹ-ಪೈಲಟ್‌ಗೆ ಆರು ತಿಂಗಳು, ಕ್ಯಾಪ್ಟನ್‌ಗೆ ಒಂದು ವರ್ಷ. ನೋಟಿಸ್ ಮುಗಿಸದೆ ಹೊರಟ 43 ಪೈಲಟ್‌ಗಳ ವಿಷಯವಾಗಿ ಆಕಾಸ ಏರ್ 2023ರಲ್ಲಿ ಕೋರ್ಟಿಗೆ ಹೋಗಿತ್ತು. ಸಣ್ಣ ಕಂಪನಿಯಿಂದ ದೊಡ್ಡದಕ್ಕೆ ಹಾರುವ ಆಸೆಯಿದ್ದರೆ ಈ ಆರು ತಿಂಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ದಾಖಲೆಗಳ ವಿಷಯದಲ್ಲಿ ಸೋಮಾರಿತನ ಬೇಡ. ಬೋಧನೆಯ ಗಂಟೆಗಳನ್ನು ಆಯಾ ದಿನವೇ ಬರೆದು, ತಿಂಗಳಿಗೊಮ್ಮೆ ಮುಖ್ಯ ಬೋಧಕರ ಸಹಿ ಹಾಕಿಸಿ, ಡಿಜಿಸಿಎಯ ಇಜಿಸಿಎ ಪೋರ್ಟಲ್ಲಿಗೂ ಏರಿಸಿ. ಶಾಲೆ ಬಿಟ್ಟ ಮೇಲೆ ಸಹಿಗಾಗಿ ಹಿಂದೆ ಅಲೆಯುವುದು ಯಾರಿಗೂ ಬೇಡ. ಇನ್ನು ಕ್ಲಾಸ್-1 ಮೆಡಿಕಲ್. ಬೆಂಗಳೂರಿನ ವಿಮಾನಪುರದಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇರುವುದು ನಮ್ಮ ಕಡೆಯವರಿಗೆ ಅನುಕೂಲ, ದೇಶದ ನಾನಾ ಕಡೆಯಿಂದ ಪೈಲಟ್‌ಗಳು ಅಲ್ಲಿಗೆ ಬರುತ್ತಾರೆ. ಮಾಮೂಲಿ ನವೀಕರಣವನ್ನು ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರ ಬಳಿಯೂ ಮಾಡಿಸಬಹುದು. ಬಿಪಿ, ಸಕ್ಕರೆ, ತೂಕ ಏನಾದರೂ ಹೆಚ್ಚಿ ತಾತ್ಕಾಲಿಕವಾಗಿ ಅನರ್ಹ ಎಂದು ಬರೆದರೆ, ಎಟಿಆರ್ ಆದರೂ ಸೆಸ್ನಾ ಆದರೂ ಅಂದಿನಿಂದಲೇ ಹಾರಾಟ ಬಂದ್. ಮೆಡಿಕಲ್ ಮುಗಿಯುವುದಕ್ಕೆ ಎರಡು ತಿಂಗಳು ಮೊದಲೇ ದಿನಾಂಕ ಗೊತ್ತು ಮಾಡಿಕೊಂಡು, ಅದಕ್ಕೂ ಮುಂಚೆ ಹಾಸನದಲ್ಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ನೋಡಿ.